ಬಾತ್ ಬಾಂಬ್ ಕೊನೆಗೆ, ನೀರು ಮೊದಲು: ಮನೆಯಲ್ಲೇ ಹಿತವಾದ ಸ್ನಾನಕ್ಕೆ ಸಮಗ್ರ ಮಾರ್ಗದರ್ಶಿ

ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಯಾರೋ ಒಂದು ಡಬ್ಬಿ ಬಾತ್ ಬಾಂಬ್, ಅಂದರೆ ಸ್ನಾನದ ನೀರಿಗೆ ಹಾಕಿದರೆ ಗುಳ್ಳೆ ಬಿಟ್ಟು ಕರಗುವ ಪರಿಮಳದ ಉಂಡೆ, ಕೊಟ್ಟಿರುತ್ತಾರೆ. ಭಾನುವಾರ ಸಂಜೆ ಟಬ್ಬಿಗೆ ಬಿಸಿನೀರು ಬಿಟ್ಟು, ಅದರ ಜೊತೆಗೇ ಬಾಂಬನ್ನೂ ಹಾಕುತ್ತೀರಿ. ಎರಡು ನಿಮಿಷ ಬುಸ್ ಎಂದು ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ಗೀಸರಿನ ಬಿಸಿನೀರು ಖಾಲಿ. ನಲ್ಲಿಯಲ್ಲಿ ತಣ್ಣೀರು ಬರುತ್ತಿದೆ, ಟಬ್ ಇನ್ನೂ ಅರ್ಧವೂ ತುಂಬಿಲ್ಲ. ಮತ್ತೆ ಗೀಸರ್ ಕಾಯುವ ಹೊತ್ತಿಗೆ ಬಾಂಬ್ ಕರಗಿ ಹೋಗಿ, ಉಗುರುಬೆಚ್ಚಗಿನ ಬಣ್ಣದ ನೀರು ಮಾತ್ರ ಉಳಿದಿರುತ್ತದೆ. ಅದರಲ್ಲಿ ನಡುಗುತ್ತಾ ಐದು ನಿಮಿಷ ಕೂತು ಎದ್ದು ಬರುತ್ತೀರಿ.

ಇದೇ ದೂರನ್ನು ನಾನು ಅಕ್ಕಪಕ್ಕದ ಮನೆಯವರಿಂದ, ನೆಂಟರಿಂದ, ಆಫೀಸಿನ ಗೆಳತಿಯರಿಂದ ಕೇಳುತ್ತಲೇ ಇದ್ದೇನೆ. ನನಗೂ ಮೊದಲ ಎರಡು ಸಲ ಹೀಗೇ ಆಯ್ತು. ಎಲ್ಲರೂ ಬಾಂಬ್ ಚೆನ್ನಾಗಿಲ್ಲ ಅಂತಲೇ ಹೇಳುತ್ತಾರೆ. ಆದರೆ ಹತ್ತರಲ್ಲಿ ಎಂಟು ಸಲ ತಪ್ಪಿರುವುದು ಬಾಂಬಿನದ್ದಲ್ಲ, ಕ್ರಮದ್ದು. ನೀರಿನ ಲೆಕ್ಕ ಮೊದಲು ಮುಗಿಯಬೇಕು. ಬಾಂಬ್ ಕೊನೆಗೆ.

## ರವೆ ಇಡ್ಲಿಗೆ ಈನೋ ಹಾಕಿದ ಹಾಗೆ

ಬಾತ್ ಬಾಂಬಿನಲ್ಲಿ ಮುಖ್ಯವಾಗಿ ಇರುವುದು ಎರಡೇ: ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ, ಅಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು. ಸಾಮಾನ್ಯವಾಗಿ ಎರಡು ಪಾಲು ಸೋಡಾಕ್ಕೆ ಒಂದು ಪಾಲು ನಿಂಬೆ ಉಪ್ಪು. ಒಣಗಿದ್ದಾಗ ಇವೆರಡೂ ಸುಮ್ನೆ ಇರುತ್ತವೆ. ನೀರು ತಾಗಿದ ಕೂಡಲೇ ಸೇರಿಕೊಂಡು ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಬಿಡುತ್ತವೆ. ಇದರ ಮೇಲೆ ಪರಿಮಳ, ಬಣ್ಣ, ಒಂದಿಷ್ಟು ಎಣ್ಣೆ ಅಥವಾ ಕೋಕೋ ಬೆಣ್ಣೆ, ಕೆಲವದರಲ್ಲಿ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಲ್ಲ).

ಈನೋದಲ್ಲಿ ನಡೆಯುವುದೂ ಇದೇ ಕೆಲಸ. ರವೆ ಇಡ್ಲಿ ಮಾಡುವವರು ಈನೋ ಯಾವಾಗ ಹಾಕುತ್ತಾರೆ? ತಟ್ಟೆಗೆ ತುಪ್ಪ ಸವರಿ, ಇಡ್ಲಿ ಪಾತ್ರೆಯ ನೀರು ಕುದಿ ಬಂದ ಮೇಲೆ, ಕಟ್ಟಕಡೆಗೆ. ಮೊದಲೇ ಹಾಕಿಟ್ಟರೆ ಹಿಟ್ಟು ಉಬ್ಬಿ ಕೂತುಬಿಡುತ್ತದೆ, ಇಡ್ಲಿ ಕಲ್ಲಾಗುತ್ತದೆ. ಬಾತ್ ಬಾಂಬಿಗೂ ಇದೇ ನಿಯಮ. ಒಂದು ಸಲ ಬುಸ್ ಎಂದರೆ ಮುಗಿಯಿತು, ಅದನ್ನು ಮತ್ತೆ ಎಬ್ಬಿಸಲು ಆಗುವುದಿಲ್ಲ.

## ಯಾರು ಬಳಸಬಾರದು, ಯಾರು ಡಾಕ್ಟರನ್ನು ಕೇಳಬೇಕು

ಈ ಭಾಗವನ್ನು ದಯವಿಟ್ಟು ಹಾರಿಸಿ ಓದಬೇಡಿ.

ನಮ್ಮ ಅತ್ತೆಗೆ ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಸಲ ಅವರ ಕಾಲುನೋವಿಗೆ ಅಂತ ಬೇಸಿನ್ನಿನಲ್ಲಿ ಬಿಸಿನೀರು ಇಟ್ಟು, ಬಾಂಬಿನ ಚೂರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಎರಡೂ ಪಾದ ಇಳಿಬಿಟ್ಟು ಕೂತಿದ್ದರು. "ಬಿಸಿ ಜಾಸ್ತಿ ಆಯ್ತಾ ಅತ್ತೆ?" ಅಂದೆ. "ಇಲ್ಲ ಕಣೇ, ಹಿತವಾಗಿದೆ" ಅಂದರು. ನಾನು ಕೈ ಇಟ್ಟು ನೋಡಿದರೆ ಎರಡು ಕ್ಷಣ ತಡೆಯಲಾಗಲಿಲ್ಲ. ಅವರ ಪಾದದ ಚರ್ಮ ಆಗಲೇ ಕೆಂಪಾಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಇರುವ ಎಷ್ಟೋ ಜನರಿಗೆ ಪಾದದ ಸ್ಪರ್ಶ ಜ್ಞಾನ ಕಡಿಮೆ ಇರುತ್ತದೆ. ಸುಟ್ಟ ಗಾಯ ಮಾಯುವುದೂ ನಿಧಾನ. ಅಂಥವರು ಡಾಕ್ಟರನ್ನು ಕೇಳದೆ ಕಾಲು ನೆನೆಸುವುದೇ ಬೇಡ.

ಹೃದಯದ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಕೂಡ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಎದ್ದು ನಿಂತಾಗ ತಲೆ ಸುತ್ತುತ್ತದೆ. ಕಜ್ಜಿ, ಇಸುಬು, ತೆರೆದ ಗಾಯ ಇದ್ದರೆ ಅದು ವಾಸಿಯಾಗುವ ತನಕ ಬೇಡ. ಪದೇ ಪದೇ ಉರಿಮೂತ್ರ ಆಗುವವರು, ಕೆಳಗೆ ತುರಿಕೆ ಅಥವಾ ಫಂಗಸ್ ಸೋಂಕು ಬರುವ ಹೆಣ್ಣುಮಕ್ಕಳು ಪರಿಮಳದ ನೀರಿನಲ್ಲಿ ಕೂರದೇ ಇರುವುದು ಒಳ್ಳೆಯದು. ಇದನ್ನು ಹೇಳಲು ಎಷ್ಟೋ ಜನ ಸಂಕೋಚಪಡುತ್ತಾರೆ, ಆಮೇಲೆ ವಾರಗಟ್ಟಲೆ ಒದ್ದಾಡುತ್ತಾರೆ. ಸಣ್ಣ ಮಕ್ಕಳಿಗೆ ಬರೀ ನೀರೇ ಸಾಕು.

ಅವತ್ತೇ ವ್ಯಾಕ್ಸಿಂಗ್ ಅಥವಾ ಶೇವಿಂಗ್ ಮಾಡಿಸಿಕೊಂಡಿದ್ದರೆ ಒಂದು ದಿನ ಬಿಟ್ಟು ಮಾಡಿ. ಇಲ್ಲದಿದ್ದರೆ ಕಾಲು ಪೂರ್ತಿ ಉರಿಯುತ್ತದೆ.

## ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದ ಸಾಮಾನು

ಟಬ್ಬಿಗೆ ಇಳಿದ ಮೇಲೆ ಒದ್ದೆ ಕಾಲಲ್ಲಿ ಓಡಾಡುವಂತೆ ಆಗಬಾರದು. ಆದ್ದರಿಂದ ಇವೆಲ್ಲ ಕೈಗೆಟಕುವಲ್ಲಿ ಇರಲಿ:

- 100ರಿಂದ 150 ಗ್ರಾಂ ತೂಕದ ಒಂದು ಬಾತ್ ಬಾಂಬ್
- ಮುಚ್ಚಳ ಇರುವ 20 ಲೀಟರಿನ ಎರಡು ಬಕೆಟ್, ಒಂದು ಮಗ್
- ಮಕ್ಕಳ ಸ್ನಾನದ ನೀರು ನೋಡುವ ಥರ್ಮಾಮೀಟರ್, ಇದ್ದರೆ
- ಟಬ್ಬಿನೊಳಗೆ ಹಾಸಲು ಅಂಟಿಕೊಳ್ಳುವ ರಬ್ಬರ್ ಮ್ಯಾಟ್, ಹೊರಗೆ ಕಾಲೊರೆಸು
- ಬಣ್ಣ ಹತ್ತಿದರೂ ಬೇಸರವಾಗದ ಹಳೆಯ ಟವೆಲ್
- ಒಂದು ಲೋಟ ಕುಡಿಯುವ ನೀರು
- ತೆಳ್ಳಗಿನ ಹತ್ತಿ ಬಟ್ಟೆಯ ಚಿಕ್ಕ ಚೀಲ

ಜ್ವರ ನೋಡುವ ಗಾಜಿನ ಥರ್ಮಾಮೀಟರನ್ನು ನೀರಿಗೆ ಇಳಿಸಬೇಡಿ. ಬಿಸಿ ಜಾಸ್ತಿಯಾದರೆ ಒಡೆಯುತ್ತದೆ, ಒಳಗೆ ಪಾದರಸ ಇದ್ದರೆ ಅದು ನೀರಿಗೆ ಬೀಳುತ್ತದೆ.

## ಹಂತ 1: ಹಿಂದಿನ ದಿನವೇ ಬಾಂಬನ್ನು ಪರೀಕ್ಷಿಸಿ

ಲೇಬಲ್ ಓದಿ. ತಯಾರಿಸಿದವರ ಹೆಸರು, ಬ್ಯಾಚ್ ನಂಬರ್, ಬಳಸಬಹುದಾದ ಕೊನೆಯ ದಿನಾಂಕ, ಪದಾರ್ಥಗಳ ಪಟ್ಟಿ ಇರಬೇಕು. ಏನೂ ಬರೆಯದ, ಬರೀ ಚಂದದ ಪ್ಲಾಸ್ಟಿಕ್ ಸುತ್ತಿದ ಬಾಂಬನ್ನು ನಾನಂತೂ ಮೈಗೆ ಬಳಸುವುದಿಲ್ಲ. ದಾಲ್ಚಿನ್ನಿ, ಲವಂಗ, ಪುದೀನ ಎಣ್ಣೆ ಇದ್ದರೆ ಹುಷಾರು, ಸೂಕ್ಷ್ಮ ಚರ್ಮಕ್ಕೆ ಇವು ಉರಿ ತರುತ್ತವೆ.

ಪೆಟ್ಟಿಗೆಯ ಮೇಲೆ ಶವರ್ ಸ್ಟೀಮರ್ ಅಂತ ಇದೆಯಾ ನೋಡಿ. ನೋಡಲು ಥೇಟ್ ಬಾತ್ ಬಾಂಬಿನಂತೆಯೇ ಇರುತ್ತದೆ. ಆದರೆ ಅದು ಶವರಿನ ಕೆಳಗೆ ನೆಲದಲ್ಲಿ ಇಟ್ಟು ಹಬೆಯಲ್ಲಿ ಪರಿಮಳ ಬರಿಸಲು ಮಾಡಿದ್ದು. ಅದರಲ್ಲಿ ಮೆಂಥಾಲ್, ನೀಲಗಿರಿ ಎಣ್ಣೆ ತುಂಬಾ ಇರಬಹುದು. ಅದನ್ನು ಟಬ್ಬಿಗೆ ಹಾಕಿ ಕೂತರೆ ಮೈಯೆಲ್ಲಾ ಉರಿ.

ಈಗ ಎರಡು ಚಿಕ್ಕ ಪರೀಕ್ಷೆ. ಬಾಂಬಿನ ಅಂಚಿನಿಂದ ಒಂದು ಚಿಟಿಕೆ ಪುಡಿ ಕೆರೆದು ಅರ್ಧ ಲೋಟ ಬೆಚ್ಚಗಿನ ನೀರಿಗೆ ಹಾಕಿ. ತಕ್ಷಣ ಸರ್ ಎಂದು ಗುಳ್ಳೆ ಬಂದರೆ ಬಾಂಬ್ ಗಟ್ಟಿಮುಟ್ಟಾಗಿದೆ. ಸುಮ್ಮನೆ ತಳಕ್ಕೆ ಇಳಿದು ಕೂತರೆ ತೇವ ಹಿಡಿದು ಆಗಲೇ ಸತ್ತಿದೆ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ತೆರೆದಿಟ್ಟ ಬಾಂಬ್ ಬಹಳ ಬೇಗ ಹೀಗಾಗುತ್ತದೆ. ಮೇಲೆ ಬಿರುಕು, ಸಣ್ಣ ಗುಳ್ಳೆಯಂಥ ಉಬ್ಬು, ಮುಟ್ಟಿದರೆ ಮೆತ್ತಗಾಗಿರುವುದು ಇದರ ಗುರುತು.

ಎರಡನೆಯದು, ಅದೇ ಪುಡಿಯನ್ನು ಇನ್ನೊಂದು ಚಿಟಿಕೆ ತೆಗೆದು ಒಂದು ಚಮಚ ನೀರಲ್ಲಿ ಕರಗಿಸಿ ಮೊಣಕೈ ಒಳಭಾಗಕ್ಕೆ ಹಚ್ಚಿ. 24 ಗಂಟೆಯಲ್ಲಿ ಕೆಂಪಾಗುವುದು, ತುರಿಕೆ, ದದ್ದು ಕಂಡರೆ ಆ ಬಾಂಬ್ ನಿಮಗಲ್ಲ. ಎಷ್ಟು ದುಬಾರಿಯದ್ದಾದರೂ ಸರಿ.

## ಹಂತ 2: ಬಿಸಿನೀರಿನ ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ತಾಳ್ಮೆಯಿಂದ ಓದಿ.

ಮನೆಗಳಲ್ಲಿ ಇರುವ ಐದಡಿ ಟಬ್ಬಿನಲ್ಲಿ ಎದೆಯ ಕೆಳಗಿನವರೆಗೆ ಮುಳುಗಿ ಕೂರಲು ಸುಮಾರು 120 ಲೀಟರ್ ನೀರು ಬೇಕು. ನಮ್ಮ 20 ಲೀಟರಿನ ಬಕೆಟ್ಟಿನ ಲೆಕ್ಕದಲ್ಲಿ ಆರು ಬಕೆಟ್. ನೀರಿನ ಬಿಸಿ 37ರಿಂದ 39 ಡಿಗ್ರಿ ಇರಬೇಕು, ಅಂದರೆ ಮೈಶಾಖಕ್ಕಿಂತ ಒಂದು ಕೂದಲಷ್ಟು ಜಾಸ್ತಿ.

ಗೀಸರ್ ನೀರು 60 ಡಿಗ್ರಿ, ತೊಟ್ಟಿಯ ತಣ್ಣೀರು 24 ಡಿಗ್ರಿ ಅಂತ ಇಟ್ಟುಕೊಳ್ಳಿ. ಎರಡು ಪಾಲು ಬಿಸಿನೀರಿಗೆ ಮೂರು ಪಾಲು ತಣ್ಣೀರು ಬೆರೆಸಿದರೆ ಸರಿಯಾಗಿ 38 ಡಿಗ್ರಿ ಆಸುಪಾಸಿಗೆ ಬರುತ್ತದೆ. ಈ ಎರಡಕ್ಕೆ ಮೂರು ಎಂಬುದನ್ನು ನೆನಪಿಡಿ. ಡಿಸೆಂಬರ್, ಜನವರಿಯಲ್ಲಿ ತಣ್ಣೀರು ಇನ್ನೂ ತಣ್ಣಗಿರುತ್ತದೆ, ಆಗ ಹೆಚ್ಚುಕಮ್ಮಿ ಸಮ ಸಮ ಬೇಕಾಗುತ್ತದೆ.

ಹಾಗಾದರೆ 120 ಲೀಟರಿಗೆ ಸುಮಾರು 48 ಲೀಟರ್ ಬಿಸಿನೀರು. ನಿಮ್ಮ ಗೀಸರ್ ಎಷ್ಟರದ್ದು?

15 ಲೀಟರ್ ಗೀಸರ್. ಒಂದು ಸಲ ಕಾದರೆ 38 ಲೀಟರಿನಷ್ಟು ಹದವಾದ ನೀರು ಸಿಗುತ್ತದೆ, ಅಷ್ಟೇ. ಇದರಲ್ಲಿ ಟಬ್ ತುಂಬಲು ಹೊರಡಬೇಡಿ. ಕೆಳಗೆ ಹೇಳುವ ಕಾಲಿನ ಸ್ನಾನಕ್ಕೆ ಇದು ಧಾರಾಳ ಸಾಕು.

25 ಲೀಟರ್ ಗೀಸರ್. ಎರಡು ಸಲ ಕಾಯಿಸಬೇಕು. 2 ಕಿಲೋವ್ಯಾಟಿನ ಗೀಸರ್ ಒಂದು ಸಲ ಕಾಯಲು ಸುಮಾರು ಅರ್ಧ ಗಂಟೆ. ಮೊದಲ ಸಲದ ಬಿಸಿನೀರನ್ನು ಟಬ್ಬಿಗೆ ಬಿಡಬೇಡಿ. ಅಗಲವಾದ ಟಬ್ಬಿನಲ್ಲಿ ತೆಳ್ಳಗೆ ಹರಡಿ ಹತ್ತೇ ನಿಮಿಷದಲ್ಲಿ ಆರಿಬಿಡುತ್ತದೆ. ಟಬ್ಬಿನ ಪಕ್ಕದಲ್ಲೇ ಇಟ್ಟ ಮುಚ್ಚಳದ ಬಕೆಟ್ಟುಗಳಿಗೆ ತುಂಬಿ ಮುಚ್ಚಿ. ಗೀಸರ್ ಎರಡನೆಯ ಸಲ ಕಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ. ಮಕ್ಕಳಿರುವ ಮನೆಯಾದರೆ ಆ ಅರ್ಧ ಗಂಟೆ ಬಚ್ಚಲಿನ ಬಾಗಿಲು ಹೊರಗಿನಿಂದ ಚಿಲಕ ಹಾಕಿರಲಿ.

ಸೋಲಾರ್. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಮೇಲೆ 200 ಲೀಟರಿನ ಸೋಲಾರ್ ಟ್ಯಾಂಕ್ ಇದೆ. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡಿದ ಮೇಲೆ ಅದು ಖಾಲಿ. ಆದ್ದರಿಂದ ಬಿಸಿಲು ಚೆನ್ನಾಗಿದ್ದ ದಿನ ಸಂಜೆ 5ರಿಂದ 6 ಗಂಟೆ ಒಳ್ಳೆಯ ಹೊತ್ತು. ಪೈಪಿನಲ್ಲಿ ನಿಂತ ತಣ್ಣೀರನ್ನು ಚೆಲ್ಲಬೇಡಿ, ಒಂದು ಬಕೆಟ್ಟಿಗೆ ಹಿಡಿಯಿರಿ. ಬೆರೆಸಲು ಅದೇ ಆಗುತ್ತದೆ.

ಹಂಡೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇನ್ನೂ ಬಚ್ಚಲ ಒಲೆ ಉರಿಯುವ ಮನೆಯಾದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಅಲ್ಲಿ ಬಿಸಿ ಅಳತೆ ಮೀರುವುದೇ ಅಪಾಯ, ತಣ್ಣೀರು ಧಾರಾಳವಾಗಿ ಬೆರೆಸಿ.

ಒಲೆಯ ಮೇಲೆ ನೀರು ಕುದಿಸಿ ಅಡುಗೆಮನೆಯಿಂದ ಬಚ್ಚಲಿಗೆ ಹೊತ್ತುಕೊಂಡು ಬರುವ ಕೆಲಸ ಮಾತ್ರ ಬೇಡವೇ ಬೇಡ. ಹಾಗೆಯೇ ಇಮ್ಮರ್ಶನ್ ರಾಡನ್ನು ಟಬ್ಬಿಗೆ ಇಳಿಸಬೇಡಿ. ಬಕೆಟ್ಟಿನಲ್ಲಿ ಕಾಯಿಸುವುದಾದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ರಾಡ್ ಹೊರಗೆ ತೆಗೆದ ಮೇಲೆಯೇ ನೀರು ಮುಟ್ಟಿ.

### ಗ್ಯಾಸ್ ಗೀಸರ್ ಇದ್ದರೆ ಇದನ್ನು ಎರಡು ಸಲ ಓದಿ

ಗ್ಯಾಸ್ ಗೀಸರ್ ಬಚ್ಚಲಿನ ಒಳಗೇ ಇದ್ದು, ಕಿಟಕಿ ಮುಚ್ಚಿದ್ದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿಗಾಲದಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ನಮ್ಮ ಊರುಗಳಿಂದಲೇ ಮತ್ತೆ ಮತ್ತೆ ಬರುತ್ತದೆ. ಸಾಧಾರಣ ಸ್ನಾನ ಹತ್ತು ನಿಮಿಷದ್ದು. ಟಬ್ ತುಂಬುವುದು, ನೆನೆಯುವುದು ಸೇರಿದರೆ ಒಂದು ಗಂಟೆ. ಅಪಾಯ ಅಷ್ಟು ಜಾಸ್ತಿ.

ಗೀಸರ್ ಗೋಡೆಯ ಹೊರಗಿದ್ದರೆ ಸರಿ. ಒಳಗಿದ್ದರೆ ಬಾಗಿಲು, ಕಿಟಕಿ ಪೂರ್ತಿ ತೆರೆದಿಟ್ಟು ನೀರು ತುಂಬಿಸಿ, ಗೀಸರ್ ಆರಿಸಿ, ಗ್ಯಾಸ್ ವಾಲ್ವ್ ಮುಚ್ಚಿ, ಒಳಗಿನ ಗಾಳಿ ಹೊರಗೆ ಹೋಗಲು ಬಿಟ್ಟ ಮೇಲಷ್ಟೇ ಟಬ್ಬಿಗೆ ಇಳಿಯಿರಿ. ತಲೆನೋವು, ವಾಕರಿಕೆ, ತಲೆ ಸುತ್ತು, ಕೈಕಾಲು ಸೋತಂತಾಗುವುದು ಶುರುವಾದರೆ ಟವೆಲ್ ಹುಡುಕುತ್ತಾ ನಿಲ್ಲಬೇಡಿ. ತಕ್ಷಣ ಹೊರಗೆ ಬನ್ನಿ, ಮನೆಯವರನ್ನು ಕೂಗಿ, 108ಕ್ಕೆ ಕರೆ ಮಾಡಿ.

## ಹಂತ 3: ಮೊದಲು ಮೈ ತೊಳೆದುಕೊಳ್ಳಿ

ನಾವು ಹೊರಗಿನ ಧೂಳು, ಬೆವರು ಹೊತ್ತು ಬರುವವರು. ಹಾಗೇ ಟಬ್ಬಿಗೆ ಇಳಿದರೆ ಆ ಕೊಳೆಯಲ್ಲೇ ಕೂತ ಹಾಗೆ. ಸೋಪು ಹಚ್ಚಿ ನಾಲ್ಕು ಮಗ್ ನೀರು ಹೊಯ್ದುಕೊಂಡು ಮೈ ಸ್ವಚ್ಛ ಮಾಡಿಕೊಳ್ಳಿ. ಬಾತ್ ಬಾಂಬ್ ಸೋಪಲ್ಲ, ಕೊಳೆ ತೆಗೆಯುವುದು ಅದರ ಕೆಲಸವಲ್ಲ. ಅದನ್ನು ಮೈಗೆ ಉಜ್ಜಿಕೊಳ್ಳಲೂ ಬಾರದು, ಚರ್ಮ ತರಚುತ್ತದೆ.

ಎಣ್ಣೆ ಸ್ನಾನದ ದಿನ ಬಾತ್ ಬಾಂಬ್ ಇಟ್ಟುಕೊಳ್ಳಬೇಡಿ. ಮೈಗೆ ಹಚ್ಚಿದ ಎಣ್ಣೆ ಟಬ್ಬಿನಲ್ಲಿ ಇಳಿದರೆ ಕಾಲಿಡಲೂ ಜಾಗ ಸಿಗದಷ್ಟು ಜಾರುತ್ತದೆ.

ಬೆಳ್ಳಿ ಸರ, ಕಾಲ್ಗೆಜ್ಜೆ, ಉಂಗುರ ತೆಗೆದಿಡಿ. ಫೋನ್ ಚಾರ್ಜಿಗೆ ಹಾಕಿ ಬಚ್ಚಲಿನಲ್ಲಿ ಇಡಬೇಡಿ. ಹಾಡು ಬೇಕಿದ್ದರೆ ಬಾಗಿಲ ಹೊರಗಿನಿಂದ ಕೇಳಲಿ.

## ಹಂತ 4: ಟಬ್ ತುಂಬಿಸಿ, ನಲ್ಲಿ ಮುಚ್ಚಿ

ಟಬ್ಬಿನ ಬಿರಡೆ ಸರಿಯಾಗಿ ಕೂತಿದೆಯಾ ಎಂದು ಒಂದು ಮಗ್ ನೀರು ಹಾಕಿ ನೋಡಿ. ಆರು ಬಕೆಟ್ ತುಂಬಿದ ಮೇಲೆ ಬಿರಡೆ ಸೋರುತ್ತಿದೆ ಎಂದು ಗೊತ್ತಾದರೆ ಅಳುವೇ ಬರುತ್ತದೆ.

ಮೊದಲು ಎರಡು ಬಕೆಟ್ ತಣ್ಣೀರು, ಆಮೇಲೆ ಬಿಸಿನೀರು ಪೂರ್ತಿ, ಕೊನೆಗೆ ಹದ ನೋಡುತ್ತಾ ಉಳಿದ ತಣ್ಣೀರು. ತಣ್ಣೀರು ಮೊದಲು ಇದ್ದರೆ ಅಪ್ಪಿತಪ್ಪಿ ಯಾರಾದರೂ ಕೈ ಹಾಕಿದರೂ ಸುಡುವುದಿಲ್ಲ. ಕೈಯಿಂದ ತಳದವರೆಗೆ ಕಲಕಿ. ಮೇಲೆ ಬಿಸಿ, ಕೆಳಗೆ ತಣ್ಣಗೆ ಇರುವುದು ಮಾಮೂಲು.

ಥರ್ಮಾಮೀಟರ್ ಇಲ್ಲವಾದರೆ ಮೊಣಕೈ ಅದ್ದಿ. ಅಂಗೈ ಒಗ್ಗಿಹೋಗಿರುತ್ತದೆ, ಅದನ್ನು ನಂಬಬೇಡಿ. ಮೊಣಕೈಗೆ ಬಿಸಿ ಎನಿಸಬಾರದು, ತಣ್ಣಗೆ ಎನಿಸಬಾರದು, ಬರೀ ಬೆಚ್ಚಗಿರಬೇಕು. ಇಳಿಯುವಾಗ ಉಸಿರು ಎಳೆದುಕೊಳ್ಳುವಂತಾದರೆ ಬಿಸಿ ಹೆಚ್ಚಾಯಿತು ಎಂದೇ ಅರ್ಥ.

ಈಗ ನಲ್ಲಿ ಪೂರ್ತಿ ಮುಚ್ಚಿ. ಗೀಸರ್ ಸ್ವಿಚ್ ಆಫ್.

## ಹಂತ 5: ಈಗ ಬಾಂಬ್

ಕೈ ಒರೆಸಿಕೊಂಡು ಪ್ಲಾಸ್ಟಿಕ್ ಬಿಚ್ಚಿ. ಒದ್ದೆ ಕೈಯಲ್ಲಿ ಹಿಡಿದರೆ ಅಲ್ಲೇ ಕೆಲಸ ಶುರು ಮಾಡುತ್ತದೆ. ಎತ್ತರದಿಂದ ಎಸೆಯಬೇಡಿ. ನೀರಿನ ಹತ್ತಿರ ಬಗ್ಗಿ, ಟಬ್ಬಿನ ನಡುವೆ ಮೆಲ್ಲಗೆ ಬಿಡಿ. ನಲ್ಲಿಯ ಧಾರೆಯ ಕೆಳಗೆ ಹಿಡಿದರೆ ಒಂದೇ ನಿಮಿಷದಲ್ಲಿ ಪುಡಿಪುಡಿ.

ಸ್ವಲ್ಪ ಹೊತ್ತು ಅದನ್ನೇ ನೋಡಿ, ಅವಸರ ಬೇಡ. ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಸರ್ ಎಂಬ ಸದ್ದು. ಉಂಡೆ ತಾನಾಗಿಯೇ ಗಿರಕಿ ಹೊಡೆಯುತ್ತದೆ, ಒಂದು ಕಡೆಯಿಂದ ಗುಳ್ಳೆ ಜಾಸ್ತಿ ಬಂದಾಗ ಇನ್ನೊಂದು ಕಡೆಗೆ ತೇಲುತ್ತದೆ. ಬಣ್ಣ ಮೊದಲು ದಾರದಂತೆ ಎಳೆ ಎಳೆಯಾಗಿ ಬಿಟ್ಟುಕೊಂಡು ಆಮೇಲೆ ನೀರೆಲ್ಲ ಒಂದಾಗುತ್ತದೆ. ಮೂರರಿಂದ ಐದು ನಿಮಿಷದಲ್ಲಿ ಸದ್ದು ಅಡಗುತ್ತದೆ. ಪರಿಮಳ ಚೆನ್ನಾಗಿ ಏಳುವುದು ಆಗಲೇ.

ಸದ್ದು ನಿಂತ ಮೇಲೆ ಕೈಯಿಂದ ಒಮ್ಮೆ ಕಲಕಿ ಇಳಿಯಿರಿ. ಮೊದಲೇ ಇಳಿದರೆ ದೊಡ್ಡ ಅಪಾಯವೇನೂ ಇಲ್ಲ. ಆದರೆ ಕರಗದ ಚೂರಿನ ಮೇಲೆ ಕೂತರೆ ಅಲ್ಲಿ ಚರ್ಮ ಚುರುಗುಟ್ಟುತ್ತದೆ, ಬಣ್ಣ ಮೈಗೆ ಹತ್ತುತ್ತದೆ.

ಒಣ ಹೂವಿನ ಎಸಳು, ಲ್ಯಾವೆಂಡರ್ ಕಡ್ಡಿ ಸೇರಿಸಿದ ಬಾಂಬಾದರೆ ಹತ್ತಿ ಬಟ್ಟೆಯ ಚೀಲದೊಳಗೆ ಹಾಕಿ ಬಾಯಿ ಕಟ್ಟಿ ಬಿಡಿ. ಎಸಳು ಚೀಲದಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಡ್ರೈನ್ ಜಾಲರಿ ಕಟ್ಟಿಕೊಂಡು ಮಾರನೇ ದಿನ ಪ್ಲಂಬರ್ ಕರೆಯಬೇಕಾಗುತ್ತದೆ. ಪ್ಲಾಸ್ಟಿಕ್ ಮಿಂಚಿನ ಬಾಂಬನ್ನು ಕೊಳ್ಳಲೇಬೇಡಿ. ಆ ಮಿಂಚು ಮೈಯಿಂದಲೂ ಹೋಗುವುದಿಲ್ಲ, ಚರಂಡಿಯ ಮೂಲಕ ಕೆರೆಗೆ ಸೇರಿದರೆ ಅಲ್ಲಿಂದಲೂ ಹೋಗುವುದಿಲ್ಲ.

ಜಕೂಝಿ ತರದ, ನೀರು ಚಿಮ್ಮಿಸುವ ಮೋಟಾರ್ ಇರುವ ಟಬ್ಬಿಗೆ ಬಾತ್ ಬಾಂಬ್ ಹಾಕಬಾರದು. ಎಣ್ಣೆ, ಪುಡಿ ಪೈಪಿನೊಳಗೆ ಕೂತು ಮೋಟಾರ್ ಕೆಡುತ್ತದೆ.

## ಹಂತ 6: ನೆನೆಯುವ ಹೊತ್ತು

15ರಿಂದ 20 ನಿಮಿಷ. ಅದಕ್ಕಿಂತ ಜಾಸ್ತಿ ಕೂತರೆ ಚರ್ಮದ ಸ್ವಂತ ಎಣ್ಣೆ ಹೋಗಿ ಒಣಗುತ್ತದೆ. ಬೆರಳ ತುದಿ ಸುಕ್ಕಾದರೆ ಸಮಯ ಆಯಿತು ಎಂದೇ ತಿಳಿಯಿರಿ.

ಟಬ್ಬಿನ ಅಂಚಿಗೆ ಮಡಿಸಿದ ಟವೆಲ್ ಇಟ್ಟು ತಲೆ ಆನಿಸಿಕೊಳ್ಳಿ. ಈ ನೀರನ್ನು ಮುಖಕ್ಕೆ, ಕಣ್ಣಿಗೆ ಹಾಕಬೇಡಿ. ಕೂದಲು ಮೇಲೆ ಕಟ್ಟಿರಲಿ, ತಿಳಿ ಬಣ್ಣದ ಕೂದಲಿಗೆ ಬಣ್ಣ ಹತ್ತಬಹುದು. ನಡುನಡುವೆ ಎರಡು ಗುಟುಕು ನೀರು ಕುಡಿಯಿರಿ. ಊಟವಾದ ಕೂಡಲೇ ಇಳಿಯಬೇಡಿ, ಮದ್ಯ ಕುಡಿದಂತೂ ಖಂಡಿತ ಬೇಡ. ನಿದ್ದೆ ಎಳೆಯತೊಡಗಿದರೆ ಎದ್ದುಬಿಡಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ, ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗುವುದು ಕ್ಷೇಮ.

ತಕ್ಷಣ ಎದ್ದು ಬರಬೇಕಾದ ಸೂಚನೆಗಳು: ಎದೆ ಡವಡವ, ತಲೆ ಹಗುರಾದಂತೆ ಆಗುವುದು, ಉಸಿರಿಗೆ ಕಷ್ಟ, ತುಟಿ ಅಥವಾ ಕಣ್ಣಿನ ರೆಪ್ಪೆ ಊದುವುದು, ಮೈಮೇಲೆ ಕೆಂಪು ಗಂದೆ, ಎಲ್ಲಾದರೂ ಉರಿ. ಗಂದೆ, ಉರಿ ಇದ್ದರೆ ಸಾದಾ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಊತ, ಉಸಿರಿನ ತೊಂದರೆ ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

## ಹಂತ 7: ಏಳುವ ಕ್ರಮ

ಬಿದ್ದು ಪೆಟ್ಟು ಮಾಡಿಕೊಳ್ಳುವುದು ಇಳಿಯುವಾಗಲ್ಲ, ಏಳುವಾಗ. ಬಿಸಿಗೆ ಮೈ ಸಡಿಲವಾಗಿರುತ್ತದೆ, ತಳದಲ್ಲಿ ಎಣ್ಣೆಯ ಪದರ ಇರುತ್ತದೆ.

ಎರಡು ಬಕೆಟ್ ನೀರನ್ನು ಮಗ್ಗಿನಲ್ಲಿ ಪಕ್ಕಕ್ಕೆ ತುಂಬಿಟ್ಟುಕೊಂಡು, ಕೂತಲ್ಲೇ ಬಿರಡೆ ತೆಗೆಯಿರಿ. ನೀರು ಅರ್ಧ ಇಳಿಯುವ ತನಕ ಸುಮ್ನೆ ಕೂತಿರಿ. ಆಮೇಲೆ ಟಬ್ಬಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮಂಡಿಯೂರಿ, ನಂತರ ನಿಂತು, ಒಂದು ಕ್ಷಣ ತಡೆದು ಕಾಲು ಹೊರಗಿಡಿ. ಟವೆಲ್ ರಾಡ್ ಹಿಡಿದು ಏಳಬೇಡಿ, ಅದು ನಿಮ್ಮ ಭಾರ ತಡೆಯಲು ಹಾಕಿದ್ದಲ್ಲ.

ಬಣ್ಣ ಗಾಢವಾಗಿದ್ದರೆ ಸಾದಾ ಬೆಚ್ಚಗಿನ ನೀರು ಎರಡು ಮಗ್ ಹೊಯ್ದುಕೊಳ್ಳಿ. ಸೋಪು ಬೇಡ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ. ಮೈ ಇನ್ನೂ ಪಸೆ ಇರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆಯೋ ನಿಮ್ಮ ಮಾಮೂಲಿ ಕ್ರೀಮೋ ಸವರಿಕೊಳ್ಳಿ. ಅಂಗಾಲಿಗೆ ಮಾತ್ರ ಹಚ್ಚಬೇಡಿ, ಹಾಸಿಗೆಗೆ ಹೋಗುವ ತನಕ.

## ಹಂತ 8: ನೀರು ಮತ್ತು ಟಬ್

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ನೀರು ಸರಬರಾಜಿನ ಯೋಜನೆಗೆ ಇಟ್ಟುಕೊಳ್ಳುವ ಅಳತೆ. ಒಂದು ಟಬ್ ತುಂಬಿದರೆ ಹೆಚ್ಚುಕಮ್ಮಿ ಒಬ್ಬರ ಇಡೀ ದಿನದ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದದ್ದು ನೆನಪಿದೆ ಅಲ್ವಾ? ನಾನು ಟಬ್ ತುಂಬುವುದು ತಿಂಗಳಿಗೊಂದು ಸಲ, ಅದೂ ಮಳೆಗಾಲ, ಚಳಿಗಾಲದಲ್ಲಿ. ಟ್ಯಾಂಕರ್ ತರಿಸುವ ತಿಂಗಳಲ್ಲಿ ಇಲ್ಲವೇ ಇಲ್ಲ.

ಎತ್ತಿಟ್ಟ ಎರಡು ಬಕೆಟ್ ನೀರು ಕಕ್ಕಸಿಗೆ ಹೊಯ್ಯಲು ಬರುತ್ತದೆ. ಗಿಡಕ್ಕೆ ಹಾಕಬೇಡಿ. ಅದರಲ್ಲಿರುವ ಸೋಡಾದ ಉಪ್ಪು ಮಣ್ಣಿಗೆ ಒಳ್ಳೆಯದಲ್ಲ, ತುಳಸಿ ಕುಂಡಕ್ಕಂತೂ ಬೇಡವೇ ಬೇಡ.

ಟಬ್ಬನ್ನು ಅವತ್ತೇ, ಒಣಗುವ ಮೊದಲೇ ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪಿನ ಜಿಡ್ಡು, ಬಣ್ಣ ಸೇರಿ ನೀರು ನಿಂತ ಮಟ್ಟದಲ್ಲಿ ಒಂದು ಗೆರೆ ಕಟ್ಟುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತಗಿನ ಸ್ಪಂಜ್ ಸಾಕು. ಬಣ್ಣ ಬಿಡದಿದ್ದರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ. ಸ್ಟೀಲ್ ಉಜ್ಜುವ ನಾರು ಹಾಕಿದರೆ ಅಕ್ರಿಲಿಕ್ ಟಬ್ಬಿಗೆ ಗೀರು ಬೀಳುತ್ತದೆ, ಮುಂದಿನ ಸಲ ಬಣ್ಣ ಆ ಗೀರಿನಲ್ಲೇ ಕೂರುತ್ತದೆ. ಬ್ಲೀಚ್ ಮತ್ತು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಎರಡನ್ನೂ ಎಂದಿಗೂ ಒಟ್ಟಿಗೆ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಕೊನೆಗೆ ಬಚ್ಚಲಿನ ನೆಲಕ್ಕೂ ಲಿಕ್ವಿಡ್ ಹಾಕಿ ತೊಳೆಯಿರಿ. ನಿಮ್ಮ ನಂತರ ಬರುವವರು ಜಾರಬಾರದು.

## ಟಬ್ ಇಲ್ಲವೇ? ಕಾಲಿನ ಸ್ನಾನ ಮಾಡಿ

ನಮ್ಮ ಬಹುಪಾಲು ಮನೆಗಳಲ್ಲಿ ಟಬ್ ಇಲ್ಲ. ನನ್ನನ್ನು ಕೇಳಿದರೆ ಇದೇ ಹೆಚ್ಚು ಉಪಯೋಗದ ದಾರಿ. ದಿನವಿಡೀ ನಿಂತು ಕೆಲಸ ಮಾಡುವ ಟೀಚರ್, ನರ್ಸ್, ಅಂಗಡಿಯವರಿಗೆ ಆಯಾಸ ಸೇರಿರುವುದು ಕಾಲಿನಲ್ಲೇ.

1. ಎರಡೂ ಪಾದ ಆರಾಮಾಗಿ ಹಿಡಿಸುವ ಅಗಲದ ಪ್ಲಾಸ್ಟಿಕ್ ಬೇಸಿನ್ ತನ್ನಿ. ಕಿರಿದಾದ ಬಕೆಟ್ ಬೇಡ, ಕಾಲು ಮಡಚಿಕೊಂಡು ಮತ್ತೆ ನೋವು. ಕೆಳಗೆ ಹಳೆ ಬೆಡ್‌ಶೀಟ್ ಮಡಿಸಿ ಹಾಸಿ.

2. ಬೆನ್ನಿಗೆ ಆಸರೆ ಇರುವ ಕುರ್ಚಿ ಮೊದಲೇ ಹಾಕಿಕೊಳ್ಳಿ. ಟವೆಲ್ ಮಡಿಲಲ್ಲಿರಲಿ.

3. 10ರಿಂದ 12 ಲೀಟರ್ ಹದವಾದ ನೀರು, ಕಾಲಿನ ಗಂಟು ಮುಳುಗುವಷ್ಟು. ಇಲ್ಲೂ ಅದೇ ಎರಡಕ್ಕೆ ಮೂರು.

4. ಬಾಂಬನ್ನು ಪೂರ್ತಿ ಹಾಕಬೇಡಿ. 120 ಲೀಟರಿಗೆ ಮಾಡಿದ್ದನ್ನು 10 ಲೀಟರಿಗೆ ಹಾಕಿದರೆ ಪರಿಮಳದ ಎಣ್ಣೆ ಹನ್ನೆರಡು ಪಟ್ಟು ಗಾಢವಾಗಿ ಚರ್ಮ ಉರಿಯುತ್ತದೆ. ಕವರಿನೊಳಗೆ ಇಟ್ಟು ಲಟ್ಟಣಿಗೆಯಿಂದ ಒಂದು ಏಟು ಕೊಟ್ಟರೆ ಚೂರಾಗುತ್ತದೆ. ಅಡಿಕೆಯಷ್ಟು ದೊಡ್ಡ ಒಂದು ಚೂರು ಸಾಕು.

5. ಚೂರು ಕರಗಿದ ಮೇಲೆ ಪಾದ ಇಳಿಸಿ. ಗುಳ್ಳೆ ಅಂಗಾಲಿಗೆ ಕಚಗುಳಿ ಇಡುವುದು ಬೇಕಿದ್ದರೆ ಕರಗುವಾಗಲೇ ಇಳಿಸಬಹುದು, ಚೂರಿನ ಮೇಲೆ ಮಾತ್ರ ಕಾಲಿಡಬೇಡಿ. 15 ನಿಮಿಷ.

6. ಏಳುವ ಮುನ್ನ ಕೂತಲ್ಲೇ ಒಂದೊಂದೇ ಪಾದ ತೆಗೆದು ಮಡಿಲ ಟವೆಲಿನಲ್ಲಿ ಒರೆಸಿ. ಬೆರಳ ಸಂದು ಚೆನ್ನಾಗಿ ಒಣಗಲಿ, ಪಸೆ ಉಳಿದರೆ ಅಲ್ಲಿ ಕೊಳೆಯುತ್ತದೆ. ಚಪ್ಪಲಿ ಹಾಕಿಕೊಂಡೇ ಏಳಿ.

ಬಕೆಟ್ಟಿಗೆ ಬಾಂಬ್ ಹಾಕಿ ಮಗ್ಗಿನಲ್ಲಿ ಹೊಯ್ದುಕೊಳ್ಳಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ನನ್ನ ಉತ್ತರ ಬೇಡ ಎಂದೇ. ಮೈ ನೆನೆಯುವುದಿಲ್ಲ, ಎಣ್ಣೆಯೆಲ್ಲ ನೆಲದ ಟೈಲ್ಸಿಗೆ ಹೋಗಿ ಜಾರುತ್ತದೆ. ದುಡ್ಡೂ ದಂಡ.

## ಹೀಗಾದರೆ ಏನು ತಪ್ಪಾಗಿದೆ

ನೊರೆ ತುಂಬಲೇ ಇಲ್ಲ. ತುಂಬುವುದಿಲ್ಲ. ಬಾತ್ ಬಾಂಬ್ ಗುಳ್ಳೆ ಬಿಡುತ್ತದೆ ಅಷ್ಟೇ. ಸಿನಿಮಾದಲ್ಲಿ ಕಾಣುವ ದಪ್ಪ ನೊರೆ ಬಬಲ್ ಬಾತ್ ಲಿಕ್ವಿಡ್ಡಿನದ್ದು, ಅದು ಬೇರೆ ಪದಾರ್ಥ.

ನೀರಿನ ಮೇಲೆ ಬಿಳಿ ಮೇಣದಂಥ ಚೂರು ತೇಲುತ್ತಿದೆ. ಕೋಕೋ ಬೆಣ್ಣೆ ಕರಗಿಲ್ಲ. ನೀರು ತಣ್ಣಗಿದೆ ಎಂದರ್ಥ. ನೀವು ಟಬ್ಬಿನ ಹೊರಗಿರುವಾಗಲೇ ಒಂದೆರಡು ಮಗ್ ಬಿಸಿನೀರು ಸೇರಿಸಿ ಕಲಕಿ.

ಬಾಂಬ್ ತಳಕ್ಕೆ ಹೋಗಿ ಕೂತಿದೆ, ಮೆಲ್ಲಗೆ ಕರಗುತ್ತಿದೆ. ಉಪ್ಪಿನಂಶ ಜಾಸ್ತಿ ಇರುವ, ಒತ್ತಿ ಗಟ್ಟಿ ಮಾಡಿದ ಬಾಂಬ್ ಹೀಗೆ ಮಾಡುತ್ತದೆ. ಹಾಳಾಗಿಲ್ಲ. ಕರಗುವ ತನಕ ಕಾಯಿರಿ.

ಸ್ನಾನದ ಮೇಲೆ ಮೈ ಬಿಗಿಯಾಗಿ, ಒಣಗಿದ ಹಾಗಿದೆ. ನೀರು ಬಿಸಿ ಜಾಸ್ತಿ ಅಥವಾ ಕೂತದ್ದು ಜಾಸ್ತಿ. ಮುಂದಿನ ಸಲ ಒಂದು ಡಿಗ್ರಿ, ಐದು ನಿಮಿಷ ಇಳಿಸಿ.

## ಉಳಿದ ಬಾಂಬ್ ಇಡುವುದು

ಒಡೆದ ಚೂರುಗಳನ್ನು ಒಣಗಿದ ಕೈಯಲ್ಲೇ ಎತ್ತಿ, ಅಂಟುವ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ. ಒಂದು ಚಿಕ್ಕ ಬಟ್ಟೆಗಂಟಿನಲ್ಲಿ ಎರಡು ಚಮಚ ಅಕ್ಕಿ ಕಟ್ಟಿ ಜೊತೆಗಿಟ್ಟರೆ ಅಷ್ಟಿಷ್ಟು ತೇವ ಅದು ಎಳೆದುಕೊಳ್ಳುತ್ತದೆ. ಡಬ್ಬಿಯನ್ನು ಬಚ್ಚಲಿನ ಶೆಲ್ಫಿನಲ್ಲಿ ಇಡಬೇಡಿ, ಅಲ್ಲಿನ ಹಬೆಗೆ ವಾರದಲ್ಲೇ ಸಾಯುತ್ತದೆ. ಬಟ್ಟೆಯ ಬೀರು ಒಳ್ಳೆಯ ಜಾಗ. ಹೊರಗೆ ದಪ್ಪ ಅಕ್ಷರದಲ್ಲಿ ಹೆಸರು, ತೆರೆದ ದಿನಾಂಕ ಬರೆದು ಅಂಟಿಸಿ, ಮಕ್ಕಳ ಕೈಗೆ ಎಟಕದ ಮೇಲಿನ ಅರೆಯಲ್ಲಿಡಿ. ಬಣ್ಣ ಬಣ್ಣದ ಆ ಉಂಡೆಗಳು ಅವರ ಕಣ್ಣಿಗೆ ಥೇಟ್ ಮಿಠಾಯಿಯೇ.